ಸಮದ್ ಸಾಬರ ಮರದ ಪಾನಾ

ಬಿಗಿಯಲಾರದವನು ಬೋಲ್ಟೇ ಡೊಂಕು ಅಂದನಂತೆ. ಗಾದೆ ಹಾಗಿಲ್ಲ ಎಂದು ತಕರಾರು ತೆಗೆಯಬೇಡಿ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಚನ್ನಪಟ್ಟಣದಲ್ಲಿ ಮೊನ್ನೆ ಮೊನ್ನೆ ನಡೆದದ್ದು. ಕಣ್ಣಾರೆ ಕಂಡವನು ಕಾಲೇಜಿನ ಕನ್ನಡ ಮೇಷ್ಟ್ರು ಪ್ರಕಾಶ.

ಶುಕ್ರವಾರ ಬೆಳಗ್ಗೆ ಪ್ರಕಾಶ ಮನೆಯೊಡತಿ ನಾಗಲಕ್ಷ್ಮಮ್ಮನ ಜಗಲಿಯಲ್ಲಿ ಕಾಫಿ ಹೀರುತ್ತಿದ್ದ. ನಾಗಲಕ್ಷ್ಮಮ್ಮ ಮೂವತ್ತು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಸಾಮಾನು ಕಾಯ್ದವರು. ಒಂದು ಸ್ಕ್ರೂ ಕಾಣೆಯಾದರೂ ಅದು ಯಾರ ಜೇಬಿನಲ್ಲಿದೆ ಎಂದು ಕೂತಲ್ಲೇ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಬೀದಿಯೇ ಅವರ ಲ್ಯಾಬು, ಪ್ರಕಾಶನೇ ಅಟೆಂಡರು.

ಗೊಂಬೆ ಕಡೆಯುವ ಸಮದ್ ಸಾಬರು ತಗಡಿನ ಪೆಟ್ಟಿಗೆ ಹಿಡಿದು ಬಂದರು. "ಅಮ್ಮಾ, ಮನೇಲಿ ಕಳ್ಳತನ ಆಗೈತೆ" ಎಂದರು, ಹಾಲು ಒಡೆದಿದೆ ಅನ್ನುವಷ್ಟೇ ದನಿಯಲ್ಲಿ.

ಬೀದಿಯ ಎಲ್ಲರ ದನಿಯನ್ನೂ ಅನುಕರಿಸುವ ಪ್ರಕಾಶನಿಗೆ ಒಲಿಯದಿದ್ದದ್ದು ಆ ದನಿ ಒಂದೇ. ಅದರಲ್ಲಿ ಏರಿಲ್ಲ, ಇಳಿವಿಲ್ಲ. ಅಣ್ಣ ಮುಕ್ತಿಯಾರ್ ತೀರಿಕೊಂಡಾಗ ಸಾಬರು ಅಳಲಿಲ್ಲ, ಆಮೇಲೆ ನಗಲೂ ಇಲ್ಲ. ಅಪ್ಪನ ಕಾಲದ ಫಿಯೆಟ್ಟಿನ ಎಂಜಿನ್ ಬಿಚ್ಚಿ ಹರಡಿದ್ದ ಮುಕ್ತಿಯಾರ್, ಜೋಡಿಸುವ ಮೊದಲೇ ಹೊರಟುಹೋಗಿದ್ದ. ಭಾನುವಾರಕ್ಕೆ ಒಂದು ವರ್ಷ. ಅಂದು ಆ ಎಂಜಿನ್ ಉಸಿರಾಡಬೇಕು, ಕಾರು ಖಬರಸ್ತಾನದ ಗೇಟಿನವರೆಗೆ ಹೋಗಬೇಕು. ಸಾಬರಿಗೆ ಉಳಿದಿದ್ದ ಬಯಕೆ ಅದೊಂದೇ.

ಪೆಟ್ಟಿಗೆ ತೆರೆದರು. ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ಪಾನಾ, ಪಿಸ್ಟನ್ ರಿಂಗು ಅದುಮುವ ಪಟ್ಟಿ, ಸಂದು ಅಳೆಯುವ ಎಲೆಗಳು, ಮೂರೂ ಇದ್ದವು. ಆದರೆ ಮರದವು! ಕೆಂಪು, ಹಸಿರು, ಹಳದಿ ಅರಗು ಬಳಿದುಕೊಂಡು ಫಳಫಳ ಹೊಳೆಯುತ್ತಿದ್ದವು.

ಪ್ರಕಾಶನಿಗೆ ನಗು ಉಕ್ಕಿತು. ಸಾಬರ ಮುಖ ನೋಡಿ ಕಾಫಿಯೊಂದಿಗೆ ನುಂಗಿಕೊಂಡ. ನಾಗಲಕ್ಷ್ಮಮ್ಮ ಕೆಂಪು ಪಾನಾ ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ ಇಟ್ಟರು. "ನಡೀರಿ, ಜಾಗ ನೋಡಾನ."

ಸಾಬರ ಹಿತ್ತಿಲಲ್ಲಿ ಸರಪಳಿ ರಾಟೆ, ಎಂಜಿನ್ ಸ್ಟ್ಯಾಂಡು, ಸಾಕೆಟ್ಟುಗಳು, ಪುಲ್ಲರ್, ವಾಲ್ವ್ ಬಿಚ್ಚುವ ಮೀಟುಗೋಲು ಎಲ್ಲವೂ ಇದ್ದಲ್ಲೇ ಇದ್ದವು. ಗೋಡೆಗೆ ಒರಗಿದ್ದ, ಪಿಸ್ಟನ್ ಹೊರುವ ನಾಲ್ಕು ಕನೆಕ್ಟಿಂಗ್ ರಾಡುಗಳ ಮಗ್ಗುಲಲ್ಲಿ ಉಳಿಯಿಂದ ಹೊಡೆದ ಚುಕ್ಕಿಗಳು: ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಪಕ್ಕದ ಬಿದಿರು ಬುಟ್ಟಿಯಲ್ಲಿ ಆ ರಾಡುಗಳ ಕೆಳಗೆ ಬೋಲ್ಟು ಹಾಕಿ ಕೂರಿಸುವ ನಾಲ್ಕು ಕಬ್ಬಿಣದ ಟೋಪಿಗಳು. ಮುಕ್ತಿಯಾರನ ಮಗಳು ಜಾರಾ ಲೇತಿನಲ್ಲಿ ಬಳೆ ಕಡೆಯುತ್ತಿದ್ದಳು. ಆರು ತಿಂಗಳ ಹಿಂದೆ ಮಾಗಡಿಯಿಂದ ಬಂದು ಕೆಲಸಕ್ಕೆ ಸೇರಿದ್ದ ಸುಹೇಲ್ ಬ್ಯಾಗು ತುಂಬುತ್ತಿದ್ದ.

"ಇಷ್ಟು ನಯವಾಗಿ ಕಡಿಯೋನು ಇವನೇ. ನಾಳೆಯಿಂದ ಬರಬ್ಯಾಡ ಅಂದಿವ್ನಿ" ಎಂದರು ಸಾಬರು.

"ಪಾನಾ ಕದ್ದು ನಾನೇನ್ ಉಪ್ಪಿನಕಾಯಿ ಹಾಕ್ಕಳ್ಳಾ ಚಚ್ಚಾ?" ಎಂದ ಸುಹೇಲ್.

"ಒಸಿ ತಡೀಪ್ಪ" ಎಂದು ನಾಗಲಕ್ಷ್ಮಮ್ಮ ಬುಟ್ಟಿಗೆ ಕೈ ಹಾಕಿದರು. "ಯಾವ ಟೋಪಿ ಯಾವ ರಾಡಿಗೆ ಸಾಬ್ರೇ?"

"ಎಲ್ಲಾ ಒಂದೇ ಸೈಜು ಅಮ್ಮಾ. ನಮ್ ಕಸುಬಲ್ಲಿ ಯಾವ ಬಳೆ ಯಾವ ಗೂಟಕ್ಕಾದ್ರೂ ಕೂರಬೇಕು. ಒರಟಾಗಿದ್ವು, ಎಮೆರಿ ಕಾಗ್ದ ಹಾಕಿ ಉಜ್ಜಿ ನುಣ್ಣಗೆ ಮಾಡ್ದೆ."

ಲೇತಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಶನಿವಾರ ಮಧ್ಯಾಹ್ನ, ಬ್ಯಾಗು ಹೆಗಲಿಗೇರಿಸಿ ಹೊರಟಿದ್ದ ಸುಹೇಲನನ್ನೂ ಸೇರಿಸಿ ಎಲ್ಲರನ್ನೂ ಅದೇ ಹಿತ್ತಿಲಲ್ಲಿ ಕೂರಿಸಿ ನಾಗಲಕ್ಷ್ಮಮ್ಮ ಬಾಯಿಬಿಟ್ಟರು.

"ದುಡ್ಡಿನ ಕಳ್ಳ ಆಗಿದ್ರೆ ರಾಟೆ ಹೊತ್ಕೊಂಡು ಹೋಗ್ತಿದ್ದ. ಇಲ್ಲಿ ಬಿಚ್ಚೋ ಸಾಮಾನು ಒಂದೂ ಹೋಗಿಲ್ಲ, ಜೋಡಿಸಿ ಮುಚ್ಚೋ ಸಾಮಾನೇ ಹೋಗೈತೆ. ಅಂದ್ರೆ ಎಂಜಿನ್ ಈಗ್ಲೇ ಮುಚ್ಚಬಾರದು ಅಂತ ಯಾರಿಗೋ ಇತ್ತು. ಯಾಕೆ? ಲ್ಯಾಬಲ್ಲಿ ಗಾಜಿನ ಬಾಟ್ಲಿಗೆ ಅದರದೇ ಬಿರಡೆ. ಪಕ್ಕದ್ದು ಕೂರ್ತದೆ, ಆದ್ರೆ ಸೋರ್ತದೆ. ಈ ಟೋಪಿಗಳೂ ಹಂಗೇ. ಅದಲು ಬದಲು ಮಾಡಿ ಸ್ಟಾರ್ಟ್ ಮಾಡಿದ್ರೆ ಕಚ್ಕೊಂಡು, ಎಂಜಿನ್ನೂ ನಿಮ್ಮಣ್ಣನ ಹಿಂದೇನೇ ಹೋಗೋದು. ಅದಕ್ಕೇ ಅವರು ರಾಡಿಗೂ ಟೋಪಿಗೂ ಜೋಡಿ ಚುಕ್ಕಿ ಹೊಡೆದಿದ್ರು. ರಾಡಿನ ಮೇಲೆ ಅವು ಈಗ್ಲೂ ಅವೆ. ಟೋಪಿ ಮೇಲಿಂದು..."

ಸಾಬರು ತಮ್ಮ ಅಂಗೈ ನೋಡಿಕೊಂಡರು.

"ಟೋಪಿ ಮೇಲೂ ಚುಕ್ಕಿ ಇತ್ತು ಅಂತ ಗೊತ್ತಿರೋದು ಎಂಜಿನ್ ಬಿಚ್ಚುವಾಗ ಜೊತೆಗಿದ್ದೋರಿಗೆ. ಸುಹೇಲ ಬಂದಿದ್ದೇ ಆಮೇಲೆ. ಪಾನಾ ಅಳತೆ ತಗೊಂಡು ಮರದಲ್ಲಿ ಕಡಿಯೋಕೆ ನಾಕು ದಿನ ಬೇಕು, ಹೊರಗಿನೋರಿಗೆ ಆಗ್ದು. ಮನೇಲಿ ಲೇತ್ ಹಿಡಿಯೋಳು, ಎಮೆರಿ ಮಾತು ಕೇಳಿ ಕೈ ನಿಲ್ಲಿಸಿದೋಳು ಒಬ್ಳೇ. ಜಾರಾ, ಎಲ್ಲಿಟ್ಟಿದ್ದೀಯಮ್ಮಾ?"

"ಅಕ್ಕಿ ಡಬ್ಬದಲ್ಲಿ" ಎಂದಳು ಜಾರಾ. "ಉಜ್ಬ್ಯಾಡಿ ಅಂತ ಎರಡು ಸಲ ಹೇಳ್ದೆ ಚಚ್ಚಾ. ನೀವು ಊಂ ಅಂದು ಉಜ್ತಾನೇ ಇದ್ರಿ. ನಮ್ ಅಬ್ಬಾನ ಗುರುತು ನೀವೇ ಅಳಿಸ್ಬುಟ್ರಿ ಅಂತ ಆಮೇಲೆ ಬಾಯಿಬಿಟ್ಟು ಹೆಂಗ್ ಹೇಳ್ಲಿ?"

"ಮರದ್ದು ಯಾಕಿಟ್ಟೆ?" ಎಂದರು ಸಾಬರು.

"ಖಾಲಿ ಬಿಟ್ರೆ ಸುಮ್ನೆ ಬೆಂಗಳೂರಿಗೋಗಿ ಹೊಸದು ತರ್ತಿದ್ರಿ. ಮರದ್ದಾದ್ರೆ ಯಾರಿಗಾದ್ರೂ ತೋರಿಸ್ತೀರಿ, ಅವರಾದ್ರೂ ಕೇಳ್ತಾರೆ ಅಂದ್ಕೊಂಡೆ. ನಮ್ ಅಬ್ಬಾ ನಿಮ್ ಮದ್ವೆ ಬಿರಿಯಾನೀಲಿ ಮರದ ಮೊಟ್ಟೆ ಇಟ್ಟಿರಲಿಲ್ವಾ?"

ಅವಳು ಫೋನ್ ಚಾಚಿದಳು. ಬಿಚ್ಚುವಾಗ ತೆಗೆದಿದ್ದ ನಾಲ್ಕು ಫೋಟೋ. ಪ್ರತಿಯೊಂದರಲ್ಲೂ ಒಂದು ರಾಡು, ಅದರದೇ ಟೋಪಿ, ಅಂಚಿನಲ್ಲಿ ಮುಕ್ತಿಯಾರನ ಗ್ರೀಸು ಮೆತ್ತಿದ ಹೆಬ್ಬೆರಳು. ಎಮೆರಿ ಚುಕ್ಕಿಯನ್ನು ಅಳಿಸಿತ್ತು. ಟೋಪಿಯ ಬೆನ್ನಿನ ಎರಕದ ಗಂಟನ್ನು ಅಳಿಸಿರಲಿಲ್ಲ. ನಾಲ್ಕರ ಗಂಟೂ ನಾಲ್ಕು ಥರ.

ಸಾಬರು ಫೋಟೋದ ಆ ಹೆಬ್ಬೆರಳನ್ನೇ ನೋಡಿದರು. ಮುಖ ಕದಲಲಿಲ್ಲ. "ಬ್ಯಾಗು ಇಳಿಸ್ಲಾ ಸುಹೇಲ, ನಂದು ತಪ್ಪಾಯ್ತು" ಎಂದಷ್ಟೇ ಹೇಳಿ, ಗಂಟು ಹೋಲಿಸಿ ನಾಲ್ಕು ಟೋಪಿಗಳನ್ನೂ ರಾಡುಗಳ ಮುಂದೆ ಸಾಲಾಗಿ ಇಟ್ಟರು. ಮೊದಲ ಟೋಪಿ ಕೂರಿಸಿ ನೋಡಲೆಂದು ಬೋಲ್ಟು ಹಾಕಿದರು. ಕಣ್ಣು ಫೋಟೋದ ಮೇಲೇ ಇತ್ತು. ಅಭ್ಯಾಸದ ಕೈ ಪೆಟ್ಟಿಗೆಗೆ ಹೋಗಿ ಕೆಂಪು ಪಾನಾ ಎತ್ತಿತು, ಬೋಲ್ಟಿಗೆ ಕೊಟ್ಟು ತಿರುಗಿಸಿತು.

ಗಿಲಿಗಿಲಿಗಿಲಿ.

ಮಕ್ಕಳ ಗಿಲಕಿಗೆ ಹಾಕುವ ಮಣಿಗಳನ್ನು ಜಾರಾ ಅದರ ಹೊಟ್ಟೆಯಲ್ಲಿ ತುಂಬಿದ್ದಳು. ಸಾಬರು ಪಾನಾ ನೋಡಿದರು, ಇನ್ನೊಮ್ಮೆ ತಿರುಗಿಸಿದರು. ಗಿಲಿಗಿಲಿ.

ಆಗ ಹಿತ್ತಿಲಲ್ಲಿ ಒಂದು ಸದ್ದು ಎದ್ದಿತು. ಅದು ಯಾರದೆಂದು ಪ್ರಕಾಶನಿಗೆ ತಕ್ಷಣ ಹೊಳೆಯಲೇ ಇಲ್ಲ. ಸುಹೇಲ್ ಬಿದ್ದು ಬಿದ್ದು ನಗುತ್ತಿದ್ದ, ಜಾರಾ ದುಪಟ್ಟಾ ಬಾಯಿಗೆ ತುರುಕಿದ್ದಳು, ನಾಗಲಕ್ಷ್ಮಮ್ಮ ಕನ್ನಡಕ ಒರೆಸುತ್ತಿದ್ದರು. ಎಲ್ಲರನ್ನೂ ಮೀರಿ, ಬೇರೆಯವರ ಬಾಯಿಯೇನೋ ಎಂಬಂತೆ ತಮ್ಮ ಬಾಯಿ ಮುಟ್ಟಿ ನೋಡಿಕೊಳ್ಳುತ್ತಾ, ಪಾನಾ ಅಲುಗಿಸುತ್ತಾ, ಬೀದಿಗೆಲ್ಲ ಕೇಳುವಂತೆ ಸಮದ್ ಸಾಬರು ನಗುತ್ತಿದ್ದರು.