ಶಾಫ್ಟಿಗೆ ಸುತ್ತಿದ ಬಟ್ಟೆ

ಹಳೆಯ ಟ್ರಕ್ಕಿನ ಕೆಳಗಿಂದ ಎರಡು ಬೂಟುಗಳು ಮಾತ್ರ ಹೊರಗೆ ಚಾಚಿದ್ದವು. ತನಿಖೆಗಾರರು ಆ ಬೂಟುಗಳತ್ತ ಬಗ್ಗಿ ಕೇಳಿದರು:

"ಏನು ಹೋಗಿದೆ?"

"ಟ್ರಾನ್ಸ್‌ಫರ್ ಕೇಸು. ನಿನ್ನೆ ಸಂಜೆ ಇಲ್ಲೇ, ನನ್ನ ಮೂಗಿನ ಮೇಲೆ ಇತ್ತು. ಈಗ ನೋಡಿ, ಬರೀ ಗಾಳಿ."

ವಿಮಾ ಕಂಪನಿಗಾಗಿ ನಜ್ಜುಗುಜ್ಜಾದ ವಾಹನಗಳನ್ನು ಪರೀಕ್ಷಿಸುವುದು ಒಂದು ಕಾಲಕ್ಕೆ ತನಿಖೆಗಾರರ ಕೆಲಸ. ಅವುಗಳ ಚಿತ್ರ ತೆಗೆಯುವುದು ನನ್ನದು. ಇಬ್ಬರೂ ನಿವೃತ್ತರಾಗಿ ವರ್ಷಗಳು ಕಳೆದಿದ್ದವು. ಮನೆಯಲ್ಲಿ ದಾರಿ ಕಾಯುವವರಿಲ್ಲದ ನಮ್ಮಂಥವರು ಯಾರು ಕರೆದರೂ ಹೋಗುತ್ತೇವೆ.

ಬೂಟುಗಳ ಒಡೆಯ ಹೊರಗೆ ತೆವಳಿ ಬಂದು ಕುಳಿತ. ವಿದ್ಯುತ್ ಕಂಬಗಳನ್ನು ಹತ್ತಿಳಿದು ಬದುಕು ಸವೆಸಿದ ಲೈನ್‌ಮನ್. ಹೆಂಡತಿ ತೀರಿಕೊಂಡ ಮೇಲೆ ಮನೆಯ ಗೋಡೆಗಳು ಅವನನ್ನು ನುಂಗಲು ಬರುತ್ತಿದ್ದವಂತೆ. ಬೆಟ್ಟದ ಮೇಲಿನ ಜಲಾಶಯಕ್ಕೆ ಕಾವಲುಗಾರ ಬೇಕೆಂದು ತಿಳಿದು ಅರ್ಜಿ ಹಾಕಿದ, ಕೆಲಸವೂ ಸಿಕ್ಕಿತು. ಆದರೆ ಸೋಮವಾರದೊಳಗೆ ಸ್ವಂತ ವಾಹನದಲ್ಲಿ ಮೇಲೆ ಹೋಗಿ ಹಾಜರಾಗಬೇಕು, ಇಲ್ಲವಾದರೆ ಅದು ಇನ್ನೊಬ್ಬನ ಪಾಲು. ಆ ಕಡಿದಾದ ಮಣ್ಣುದಾರಿಗೆ ನಾಲ್ಕೂ ಚಕ್ರಗಳು ಎಳೆಯಬೇಕು.

ಟ್ರಕ್ಕಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸತ್ತು, ಮುಂದಿನ ಚಕ್ರಗಳಿಗೂ ಬಲ ಹಂಚುವ ಕೇಸು ಅದರೊಂದಿಗೇ ಒಡೆದಿತ್ತು. ಹಾಗಾಗಿ ಒಂದು ವಾಹನದಿಂದ ಕೈಯಿಂದ ಹಾಕುವ ಗೇರ್‌ಬಾಕ್ಸನ್ನೂ ಇನ್ನೊಂದರಿಂದ ಟ್ರಾನ್ಸ್‌ಫರ್ ಕೇಸನ್ನೂ ತಂದಿದ್ದ. ಎರಡಕ್ಕೂ ಹುಟ್ಟಿನಿಂದ ನಂಟಿಲ್ಲ. ನಡುವೆ ಒಂದು ಕಬ್ಬಿಣದ ತಟ್ಟೆ ಬೇಕಿತ್ತು. ಅದನ್ನು ಕಡೆದುಕೊಟ್ಟವನು ಅವನ ಮೈದುನ, ಹೆಂಡತಿಯ ತಮ್ಮ, ಲೇತ್ ಯಂತ್ರದ ಕೆಲಸಗಾರ. ಭಾನುವಾರ ಬಂತೆಂದರೆ ಇಬ್ಬರೂ ಈ ಶೆಡ್ಡಿನಲ್ಲಿರುತ್ತಿದ್ದರು. ಕೇಸು ತಟ್ಟೆಯ ಬೆನ್ನಿಗೆ ಕೂತದ್ದು ನಿನ್ನೆಯಷ್ಟೇ, ಶುಕ್ರವಾರ ಸಂಜೆ.

"ಬೋಲ್ಟುಗಳು?" ತನಿಖೆಗಾರರು ಕೇಳಿದರು.

ಲೈನ್‌ಮನ್ ಒಂದು ತಗಡಿನ ಡಬ್ಬಿಯನ್ನು ಬೋರಲು ಹಾಕಿ ತೋರಿಸಿದ. ಬಿಚ್ಚಿದ್ದೆಲ್ಲ ಡಬ್ಬಿಗೆ: ಕಂಬದ ಮೇಲೆ ಕಲಿತ ಅಭ್ಯಾಸ. "ಖಾಲಿ. ಕಳ್ಳ ಬೋಲ್ಟನ್ನೂ ಬಿಡ್ಲಿಲ್ಲ."

ಬೀಗ ಒಡೆದಿರಲಿಲ್ಲ. ಬೀಗದ ಕೈ ಸೂರಿನ ಮೊಳೆಯಲ್ಲಿ ತೂಗುತ್ತಿತ್ತು. ಬೀದಿಗೆಲ್ಲ ಗೊತ್ತಿದ್ದ ಗುಟ್ಟು. ಟ್ರಕ್ಕಿನ ಹೊಟ್ಟೆಯ ಕೆಳಗೆ ಕ್ಯಾಮೆರಾ ಚಾಚಿ ನಾನು ಒಂದೆರಡು ಚಿತ್ರ ತೆಗೆದೆ. ಗೇರ್‌ಬಾಕ್ಸು, ತಟ್ಟೆ, ತಟ್ಟೆಯ ನಡುವಿನಿಂದ ಹೊರಚಾಚಿದ, ಬಟ್ಟೆ ಸುತ್ತಿದ ಶಾಫ್ಟು. ಕಾಣೆಯಾದುದರ ಚಿತ್ರ ತೆಗೆಯುವುದು ಹೇಗೆ?

ಮೊದಲು ಗುಜರಿಯವನು. ಆ ಕೇಸನ್ನು ಹಿಂದೆ ಎರಡು ಬಾರಿ ಕೊಳ್ಳಲು ಕೇಳಿದ್ದವನು.

"ಸತ್ತ ಗೇರ್‌ಬಾಕ್ಸು ಶೆಡ್ಡಿನ ಹೊರಗೇ ಬಿದ್ದಿದೆ, ಸಾರ್. ಅದನ್ನ ಬಿಟ್ಟು, ಅಂಗಾತ ಮಲಗಿ ಬೋಲ್ಟು ಬಿಚ್ತಾ ಇರೋಕೆ ನನ್ನ ಬೆನ್ನೇನು ಬಾಡಿಗೆಗೆ ಬಂದಿದ್ಯಾ?"

ಸುತ್ತಿಗೆಯ ಸದ್ದಿಗೆ ತಾನು ಹೊಲಿಯುವ ಅಂಗಿಗಳ ತೋಳುಗಳೆಲ್ಲ ಸೊಟ್ಟಗಾಗುತ್ತಿವೆ ಎಂದು ಜಗಳ ತೆಗೆದಿದ್ದ ಎದುರುಮನೆಯ ದರ್ಜಿ ಸೂಜಿಯಿಂದ ಕಣ್ಣೆತ್ತಲಿಲ್ಲ. "ಕದಿಯೋ ಹಾಗಿದ್ರೆ ಸುತ್ತಿಗೆ ಕದೀತಿದ್ದೆ," ಎಂದ.

ಕೊನೆಗೆ ಮೈದುನ. ಅವನ ಕಾರ್ಯಾಗಾರ ಒಂದೇ ಕೋಣೆ, ಮಲಗುವುದೂ ಅಲ್ಲೇ. ನಾವು ಹೊಸ್ತಿಲಲ್ಲೇ ನಿಂತೆವು, ಒಳಗೆ ಕರೆಯಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಯಂತ್ರಭಾಗವೊಂದಿತ್ತು; ಅದರ ಸ್ಕ್ರೂಗಳೆಲ್ಲ ತಂತಮ್ಮ ರಂಧ್ರಗಳಿಗೇ ಮರಳಿ ಕೂತಿದ್ದವು. ಮಂಚದ ಮೇಲಿಂದ ಬಿಳಿ ಹೊದಿಕೆಯೊಂದು ನೆಲದವರೆಗೆ ಇಳಿದಿತ್ತು. ಬೇರೊಂದು ಕೇಸು ಹುಡುಕೋಣವೆಂದು ಭಾವನಿಗೆ ಹೇಳಿದ್ದೇನೆ, ಸಿಗಲು ಒಂದಷ್ಟು ಕಾಲ ಹಿಡಿಯುತ್ತದೆ, ಎಂದ. ಸೋಮವಾರದ ಮಾತೆತ್ತಿದಾಗ ಕೈಯ ಎಣ್ಣೆಯನ್ನು ಒರೆಸಿದ. ಮತ್ತೆ ಒರೆಸಿದ.

ಶೆಡ್ಡಿಗೆ ಮರಳಿದೆವು; ಮೈದುನನನ್ನೂ ಕರೆತಂದೆವು. ತನಿಖೆಗಾರರು ಕೋಟು ಕಳಚಿ ನನ್ನ ಕೈಗಿತ್ತು, ಟ್ರಕ್ಕಿನ ಕೆಳಗೆ ಮಲಗಿದರು. ಎದ್ದು ಬಂದಾಗ ಬೆರಳಲ್ಲಿ ಒಂದು ಬೋಲ್ಟು ಇತ್ತು.

"ಎಲ್ಲಿತ್ತು?" ಲೈನ್‌ಮನ್ ಬೆರಗಾದ.

"ತಟ್ಟೆಯಲ್ಲೇ. ಎಲ್ಲವೂ ಅಲ್ಲೇ ಇವೆ. ಒಂದೊಂದೂ ಅದರದರ ರಂಧ್ರದಲ್ಲಿ, ಕೈಯಲ್ಲೇ ತಿರುಗಿಸಿ ಕೂರಿಸಿದ ಹಾಗೆ. ನೀವು ಡಬ್ಬಿಯಲ್ಲಿ ಹುಡುಕಿದ್ರಿ."

"ಆದ್ರೆ—"

"ಇನ್ನೊಂದು. ಶಾಫ್ಟಿಗೆ ಬಟ್ಟೆ ಸುತ್ತಿ ದಾರ ಕಟ್ಟಿದೆ. ಧೂಳು ಒಳಗೆ ಹೋಗಬಾರದು ಅಂತ ಅಲ್ವಾ? ನಿನ್ನೆ ಕೇಸು ಕೂರಿಸುವಾಗ ಆ ಬಟ್ಟೆ ಏನಾಯ್ತು?"

ಲೈನ್‌ಮನ್ ಮತ್ತೆ ಟ್ರಕ್ಕಿನ ಕೆಳಗೆ ಬಗ್ಗಿ ನೋಡಿದ. "ಬಿಚ್ಚಿ ಬಿಸಾಕಿದೆ."

ನಾನು ನನ್ನ ಕ್ಯಾಮೆರಾವನ್ನು ನೋಡಿಕೊಂಡೆ. ಬಟ್ಟೆ ಕಟ್ಟಿದ ಆ ಶಾಫ್ಟನ್ನು ವಾರಗಟ್ಟಲೆ ಕಂಡಿದ್ದ ಲೈನ್‌ಮನ್‌ನ ಕಣ್ಣಿಗೆ ಇಂದು ಅದು ಹೊಸದೆನಿಸಲಿಲ್ಲ. ನನಗೋ, ಅದು ಇರಬೇಕಾದ್ದೇ ಎನಿಸಿತ್ತು.

"ಹಾಗಾದ್ರೆ ಇದು ಕೇಸು ಬಿಚ್ಚಿದವನೇ ಸುತ್ತಿದ್ದು. ಕದ್ದು ಮಾರೋನು, ಬಿಟ್ಟುಹೋಗೋ ಗೇರ್‌ಬಾಕ್ಸಿಗೆ ಧೂಳು ಕೂತರೆ ತಲೆ ಕೆಡಿಸ್ಕೊಳ್ಳಲ್ಲ," ತನಿಖೆಗಾರರು ಮೆಲ್ಲನೆ ಮುಂದುವರಿಸಿದರು. "ಈ ಗಾಡಿ ಒಂದಲ್ಲ ಒಂದು ದಿನ ಓಡಬೇಕು ಅಂತ ಅವನಿಗೂ ಇತ್ತು. ಈಗಲೇ ಬೇಡ, ಅಷ್ಟೆ. ನಿಮ್ಮ ಕೈಯಾಗಿದ್ರೆ ಬೋಲ್ಟು ಡಬ್ಬಿಗೆ ಹೋಗ್ತಿತ್ತು. ಬಿಚ್ಚಿದ್ದನ್ನ ಅದರ ರಂಧ್ರಕ್ಕೇ ತಿರುಗಿಸೋ ಕೈಯನ್ನ ನಾವು ಈಗ ತಾನೇ ನೋಡಿ ಬಂದ್ವಿ. ಕೇಸು ನಿಮ್ಮ ಮೈದುನನ ಮಂಚದ ಕೆಳಗಿದೆ."

ಮೈದುನ ನೆಲದ ಎಣ್ಣೆಕಲೆಯನ್ನೇ ದಿಟ್ಟಿಸುತ್ತಿದ್ದ.

"ಎಣ್ಣೆ ಹಚ್ಚಿ, ಮುಚ್ಚಿ ಇಟ್ಟಿದ್ದೀನಿ ಭಾವ. ಒಂದು ಗೀರೂ ಬಿದ್ದಿಲ್ಲ."

"ಯಾಕೋ?"

"ಇದು ಮುಗಿದ್ಮೇಲೆ ಭಾನುವಾರ ನಾನು ಎಲ್ಲಿಗೆ ಬರ್ಲಿ?" ಮತ್ತೆ ಕೈ ಒರೆಸಿಕೊಂಡ: "ಅಕ್ಕ ಹೋದ್ಲು. ಇನ್ನು ನನ್ನನ್ನ ಮೈದುನ ಅಂತ ಕರೆಯೋರು ಈ ಭೂಮಿ ಮೇಲೆ ನೀವೊಬ್ರೇ."

ಲೈನ್‌ಮನ್ ಆ ಬೋಲ್ಟನ್ನು ತನಿಖೆಗಾರರಿಂದ ಇಸಿದುಕೊಂಡು ಡಬ್ಬಿಯತ್ತ ಹೋದವನು, ಅದೇನು ಹೊಳೆಯಿತೋ, ಟ್ರಕ್ಕಿನ ಕೆಳಗೆ ನುಸುಳಿದ. ಬೋಲ್ಟು ತನ್ನ ರಂಧ್ರದಲ್ಲಿ ತಿರುಗುವ ಸಣ್ಣ ಸದ್ದು. ಆಮೇಲೆ ಮಸಿಹಿಡಿದ ಕೈಯೊಂದು ಹೊರಗೆ ಚಾಚಿತು.

"ಹೋಗಿ ಕೇಸು ತಗೊಂಬಾ, ಮೈದುನ. ಬರ್ತಾ ಸ್ಪ್ಯಾನರೂ ತಾ."

ಸೋಮವಾರ ಬೆಳಿಗ್ಗೆ ಟ್ರಕ್ಕು ಹೊರಟಿತು. ಪಕ್ಕದ ಆಸನದಲ್ಲಿ ಹಾಸಿಗೆಯ ಸುರುಳಿ. ಹೊಸದಾಗಿ ಕೂಡಿಸಿದ್ದು, ಬೇಗನೆ ಎಣ್ಣೆ ಬದಲಿಸಬೇಕು, ಆ ತಟ್ಟೆಗೆ ಮೈದುನನಲ್ಲದೆ ಬೇರೆಯವರು ಕೈಹಚ್ಚಕೂಡದು, ತಾನೇ ಇಳಿದು ಬರುತ್ತೇನೆ ಎಂದು ಲೈನ್‌ಮನ್ ಕಿಟಕಿಯಿಂದ ಹೇಳಿದ. ಯಾವಾಗ ಎಂದು ಮೈದುನ ಕೇಳಲಿಲ್ಲ.

ಬೀದಿಯ ತಿರುವಿನಲ್ಲಿ ಗೇರು ಬದಲಾಯಿತು. "ಎರಡನೇದು," ಎಂದ ಮೈದುನ. ದೂರದಲ್ಲಿ ಮತ್ತೊಮ್ಮೆ. "ಮೂರನೇದು." ಆಮೇಲೆ ದರ್ಜಿಯ ಯಂತ್ರದ ಸದ್ದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ತನಿಖೆಗಾರರು ಕೋಟಿನ ಗುಂಡಿ ಹಾಕಿಕೊಂಡರು. ನಾವು ಹೊರಡಲು ಅಣಿಯಾದರೂ ಮೈದುನ ಕದಲಲಿಲ್ಲ. ತಲೆ ಓರೆಮಾಡಿ ಬೆಟ್ಟದ ದಿಕ್ಕಿಗೆ ಕಿವಿಗೊಟ್ಟಿದ್ದ.

"ಈಗ ನಾಲ್ಕೂ ಚಕ್ರಕ್ಕೆ ಕೇಸಿನ ಲಿವರ್ ಎಳೆದ್ರು," ಎಂದ.

ನಮಗೇನೂ ಕೇಳಿಸಲಿಲ್ಲ.