ಓಟದ ಕೊನೆಯ ವ್ಯಾನ್

"ಹತ್ತಿ ಮೇಡಂ, ಬಾಗಿಲು ತೆಗ್ದಿದ್ದೀನಿ!"

ಬೆನ್ನ ಹಿಂದಿನಿಂದ ಮೈಕಿನಲ್ಲಿ ಬಂದ ದನಿಗೆ ಅವಳು ಬೆಚ್ಚಿಬಿದ್ದಳು. ತಿರುಗಿ ನೋಡಿದರೆ, ಓಟದಲ್ಲಿ ಹಿಂದುಳಿದವರನ್ನು ಹತ್ತಿಸಿಕೊಳ್ಳಲು ಗೊತ್ತುಮಾಡಿದ್ದ ಹಳದಿ ಬಣ್ಣದ ಶಾಲಾ ವ್ಯಾನೊಂದು ತೆವಳುತ್ತಾ ಹಿಂದೆ ಬರುತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿದ್ದ ಡ್ರೈವರ್‌ ಮುಖದ ತುಂಬ ನಗು!

"ನಾನು ಹತ್ತಲ್ಲ!"

"ಟೈಮ್ ಮೀರಿದೆ ಮೇಡಂ. ಎಲ್ರಿಗಿಂತ ಹಿಂದೆ ನೀವು, ನಿಮ್ಮ ಹಿಂದೆ ನಾನು, ನನ್ನ ಹಿಂದೆ ಕಸ ಗುಡಿಸೋರು!"

ಮೈಯೆಲ್ಲ ಉರಿದುಹೋಯಿತು ಅವಳಿಗೆ. ಇನ್ನೂ ನಾಲ್ಕು ಮಾತು ಅಂದೇಬಿಡುತ್ತಿದ್ದಳು, ಅಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತು. ಕುಂಟುತ್ತಾ ಹೋಗಿ ವ್ಯಾನ್ ಹತ್ತಿದಳು. ಎಲ್ಲವೂ ಪುಟ್ಟ ಮಕ್ಕಳ ಸೀಟುಗಳು. ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

ಅವನು ನೀರಿನ ಬಾಟಲಿ ಕೊಟ್ಟು, ಎದೆಯ ಮೇಲಿದ್ದ ಓಟದ ನಂಬರನ್ನು ಬಿಚ್ಚಿಸಿಕೊಂಡ. ಅವಳ ಕಣ್ಣಲ್ಲಿ ನೀರು ನೋಡಿ ಗಂಭೀರವಾಗಿ ಹೇಳಿದ: "ಅಳ್ಬಾರ್ದು. ಅತ್ರೆ ಮಿಸ್ಸಿಗೆ ಹೇಳ್ಬಿಡ್ತೀನಿ."

ಅಳು ಬರುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಅವಳು ಅತ್ತಿದ್ದಕ್ಕೆ ಕಾರಣವಿತ್ತು. ಮನೆಯಲ್ಲಿ ಅವಳ ಹೆಸರೇ 'ಅರ್ಧಂಬರ್ಧ'. ಸಂಗೀತದ ಪಾಠ ಅರ್ಧ, ಕಾರು ಕಲಿತದ್ದು ಅರ್ಧ, ಅಣ್ಣನಿಗೆಂದು ಹೆಣೆದ ಸ್ವೆಟರಿಗೆ ಒಂದೇ ತೋಳು. ಪರದೆ ಅಂಗಡಿಯಲ್ಲಿ ಊರಿನವರ ಕಿಟಕಿಗೆಲ್ಲ ಪರದೆ ಹೊಲಿಯುತ್ತಾಳೆ, ತನ್ನ ಕೋಣೆಯ ಪರದೆಗೆ ಇನ್ನೂ ಅಂಚು ಮಡಿಸಿಲ್ಲ. ಈ ವರ್ಷ ಒಂದಾದರೂ ದೂರದ ಓಟವನ್ನು ಪೂರ್ತಿ ಓಡಿ ಮುಗಿಸುತ್ತೇನೆ ಎಂದು ಅವಳು ಶಪಥ ಮಾಡಿದಾಗ ಅತ್ತಿಗೆ ಬಿದ್ದು ಬಿದ್ದು ನಕ್ಕಿದ್ದಳು.

"ಅದರಲ್ಲೂ ಆರಿಸ್ಕೊಂಡಿದ್ದು ಅರ್ಧ ಮ್ಯಾರಥಾನ್! ನಿನ್ನ ಬುದ್ಧಿ ಎಲ್ಲಿಗ್ಹೋಗತ್ತೆ ಹೇಳು!"

ಎರಡನೇ ಓಟದಲ್ಲಿ ಶೂ ಕಚ್ಚಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ಮತ್ತೆ ಅದೇ ವ್ಯಾನ್, ಅದೇ ಪುಟ್ಟ ಸೀಟು.

"ಶೂ ಸರಿ ಇರ್ಲಿಲ್ಲ," ಎಂದಳು ಮನೆಗೆ ಬಂದು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಅತ್ತಿಗೆ.

ಆದರೆ ಒಂದು ವಿಷಯವನ್ನು ಅವಳು ಅತ್ತಿಗೆಗೆ ಹೇಳಲಿಲ್ಲ. ವ್ಯಾನಿನವನು ದಾರಿಯುದ್ದಕ್ಕೂ ಶಾಲೆಯ ಮಕ್ಕಳ ಜಗಳಗಳನ್ನು ಅಭಿನಯಿಸಿ ತೋರಿಸಿದ್ದ. ಉಗುರಿನ ನೋವು ಮರೆತೇಹೋಗಿತ್ತು. ಮನೆ ಇಷ್ಟು ಬೇಗ ಬಂದುಬಿಟ್ಟಿತಲ್ಲ ಅನ್ನಿಸಿತ್ತು...

'ಥೂ, ನನಗೇನಾಗಿದೆ!' ಎಂದು ತನ್ನನ್ನೇ ಬೈದುಕೊಂಡಿದ್ದಳು.

ಮೂರನೇ ಓಟದ ಬೆಳಿಗ್ಗೆ ನೀರಿನ ಡ್ರಮ್ಮಿನ ಹಿಂದೆ ಕೂತು ಶೂ ದಾರ ಕಟ್ಟುತ್ತಿದ್ದಳು. ಆಚೆ ಕಡೆಯಿಂದ ಅವನ ದನಿ ಕೇಳಿಸಿತು. ಪ್ರಥಮ ಚಿಕಿತ್ಸೆಯ ನರ್ಸಮ್ಮನ ಜೊತೆ ಮಾತಾಡುತ್ತಿದ್ದ.

"ಆ ಪರದೆ ಅಂಗಡಿಯವ್ರು ಇವತ್ತೂ ಓಟ ಮುಗಿಸ್ಬಾರ್ದು ನರ್ಸಮ್ಮ. ನಾನು ಅದನ್ನೇ ಬೇಡ್ಕೊಳ್ತಿದ್ದೀನಿ."

ಅವಳು ಶೂ ದಾರವನ್ನು ಬಿಗಿಯಾಗಿ ಎಳೆದು ಗಂಟು ಹಾಕಿದಳು.

'ಇವನೂನಾ? ಮನೆಯವರಾದರೂ ಎದುರಿಗೇ ಆಡಿಕೊಳ್ಳುತ್ತಾರೆ. ಇವನು ನಗಿಸಿ ನಗಿಸಿ ಬೆನ್ನ ಹಿಂದೆ...'

ಅವತ್ತು ಸಿಟ್ಟಿನಲ್ಲಿ ಓಡಿದಳು ನೋಡಿ, ಸಿಟ್ಟಿಗೆ ಕಣ್ಣಿಲ್ಲ! ರಸ್ತೆಯ ಗುಂಡಿ ಕಾಣಲಿಲ್ಲ. ಕಾಲು ಉಳುಕಿ ಅಲ್ಲೇ ಕುಸಿದಳು. ವ್ಯಾನಿನವನು ಓಡಿ ಬಂದರೆ ಮುಖ ತಿರುಗಿಸಿ, "ಆಂಬುಲೆನ್ಸ್ ಕರೀರಿ!" ಎಂದಳು. ಆಂಬುಲೆನ್ಸಿನ ಹಿಂದೆ ಆಸ್ಪತ್ರೆಯವರೆಗೂ ಹಳದಿ ವ್ಯಾನ್ ಬಂತು. ಅವಳು ನೋಡಿದರೂ ನೋಡದವಳಂತಿದ್ದಳು.

ಕೆಲವು ವಾರಗಳ ನಂತರ ಅವನು ಪರದೆ ಅಂಗಡಿಗೇ ಬಂದ. ಅವಳು ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಹೊಲಿಯುತ್ತಿದ್ದಳು.

"ವ್ಯಾನಿನ ಕಿಟಕಿಗಳಿಗೆ ಪರದೆ ಬೇಕಿತ್ತು..."

"ಯಾಕೆ? ಸೋತೋರ ಮುಖ ಯಾರಿಗೂ ಕಾಣ್ಬಾರ್ದು ಅಂತಾನಾ?"

"ನರ್ಸಮ್ಮ ಹೇಳಿದ್ರು, ನೀವು ಅಲ್ಲೇ ಇದ್ರಂತೆ. ನಾನು ಹಾಗಂದಿದ್ದು ನಿಜ, ಆದ್ರೆ..."

"ನಿಜ ಅಂತ ಒಪ್ಕೊಂಡ್ರಲ್ಲ, ಸಾಕು. ಬಾಗಿಲು ತೆಗ್ದಿದೆ, ಹೊರಡಿ!"

ಅವನು ಹೋದ. ಅವಳು ಅಂದು ಹೊಲಿದ ಪರದೆಯನ್ನೆಲ್ಲ ಮರುದಿನ ಬಿಚ್ಚಿ ಹೊಲಿಯಬೇಕಾಯಿತು. ಎಲ್ಲವೂ ಸೊಟ್ಟ.

ವರ್ಷದ ಕೊನೆಯ ಓಟ ಬಂತು. ಕಾಲು ವಾಸಿಯಾಗಿತ್ತು. ಇದು ತಪ್ಪಿದರೆ ಶಪಥವೂ ಅರ್ಧಂಬರ್ಧ! ಮುಕ್ಕಾಲು ಪಾಲು ದೂರ ಮುಗಿದ ಮೇಲೆ ತಿರುಗಿ ನೋಡಿದಳು. ವ್ಯಾನ್ ಬರುತ್ತಿತ್ತು. ಆದರೆ ಅದನ್ನು ಓಡಿಸುತ್ತಿದ್ದವರು ದಪ್ಪ ಮೀಸೆಯ ಹಿರಿಯರೊಬ್ಬರು.

'ಬರದಿದ್ದರೆ ನನಗೇನು?' ಎಂದುಕೊಂಡಳು. ಆದರೂ ಇನ್ನೊಮ್ಮೆ ತಿರುಗಿ ನೋಡಿದಳು.

ಆಗ ಕಂಡ... ವ್ಯಾನಿನ ಮುಂದೆ, ಎದೆಗೆ ನಂಬರ್ ಅಂಟಿಸಿಕೊಂಡು, ಕೆಂಪು ಮೂತಿ ಮಾಡಿಕೊಂಡು, ಮಣ್ಣಿನ ಮೂಟೆ ಹೊತ್ತವನ ಹಾಗೆ ಓಡಿ ಬರುತ್ತಿದ್ದ!

"ನೀವೇನ್ರೀ ಇಲ್ಲಿ?"

"ವ್ಯಾನನ್ನ... ಚಿಕ್ಕಪ್ಪನಿಗೆ ಕೊಟ್ಟೆ..." ಉಸಿರು ಸಾಲದೆ ಅವನು ಏದುತ್ತಿದ್ದ. "ನೀವು ಸೋತ್ರೆ ಮಾತ್ರ... ನನ್ನ ವ್ಯಾನ್ ಹತ್ತೋದು... ಮುಗಿಸ್ಬಿಟ್ರೆ ನನ್ಜೊತೆ ಮಾತಾಡೋರ್ಯಾರು... ಅದಕ್ಕೇ ಹಾಗೆ ಬೇಡ್ಕೊಂಡೆ... ಬರೀ ಸ್ವಾರ್ಥ ಕಣ್ರೀ... ತಪ್ಪಾಯ್ತು..."

ಅವಳ ಹೆಜ್ಜೆ ತಪ್ಪಿತು. ಇಷ್ಟು ದಿನ ನುಂಗಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ!

ಅಷ್ಟರಲ್ಲಿ ಅವನು "ಅಯ್ಯಮ್ಮಾ!" ಎಂದು ತೊಡೆ ಹಿಡಿದು ರಸ್ತೆಯಲ್ಲೇ ಕೂತುಬಿಟ್ಟ. ಅವಳು ನಿಂತಳು.

"ಯಾರಾದ್ರೂ ಒಬ್ರು ಹತ್ರಪ್ಪಾ, ಪೆಟ್ರೋಲ್ ಸುಮ್ನೆ ಉರೀತಿದೆ!" ಎಂದು ಮೈಕಿನಲ್ಲಿ ಚಿಕ್ಕಪ್ಪ ಗೊಣಗಿದರು.

"ನಿಲ್ಬೇಡಿ!" ಅವನು ಕೂತಲ್ಲಿಂದಲೇ ಕಿರುಚಿದ. "ನೀವು ನಿಂತ್ರೆ ನಾನು ಬೇಡ್ಕೊಂಡಿದ್ದೇ ನಿಜವಾಗತ್ತೆ! ಓಡ್ರೀ!"

ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಓಡಿದಳು. ಕಾಲು ಬೇಡವೆಂದಿತು, ಕೇಳಲಿಲ್ಲ. ಎದೆ ಸಾಕೆಂದಿತು, ಕೇಳಲಿಲ್ಲ. ಓಟ ಮುಗಿಯುವ ಗೆರೆಯ ಬಳಿ ಗಡಿಯಾರ ಇಳಿಸಲು ಏಣಿ ತಂದಿದ್ದರು. ಏಣಿ ಹತ್ತುತ್ತಿದ್ದವನನ್ನು "ಇಳಿಯೋ, ನಮ್ಮ ಹುಡುಗಿ ಬರ್ತಿದ್ದಾಳೆ!" ಎಂದು ಅಂಗಿ ಹಿಡಿದು ಕೆಳಗೆಳೆದವಳು ಅತ್ತಿಗೆ!

ಅವಳು ಗೆರೆ ದಾಟಿದಳು. ಕೊನೆಯವಳಾಗಿ, ಆದರೆ ಪೂರ್ತಿಯಾಗಿ. ಅತ್ತಿಗೆ ತಬ್ಬಿಕೊಂಡು ಹೋ ಎಂದು ಅತ್ತಳು.

ಪದಕ ಕೊರಳಿಗೆ ಬಿದ್ದಿದ್ದೇ ತಡ, ಅವಳು ಬಂದ ದಾರಿಯಲ್ಲೇ ತಿರುಗಿ ಕುಂಟುತ್ತಾ ನಡೆದಳು.

"ಏ, ಓಟ ಮುಗೀತಲ್ಲೇ! ಎಲ್ಲಿಗೆ?" ಎಂದಳು ಅತ್ತಿಗೆ.

"ಒಬ್ರು ಇನ್ನೂ ಬಂದಿಲ್ಲ ಅತ್ತಿಗೆ."

ಅವನು ವ್ಯಾನ್ ಹತ್ತಿರಲಿಲ್ಲ. ರಸ್ತೆ ಬದಿಯ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ಬರುತ್ತಿದ್ದ.

"ಮುಗಿಸಿದ್ರಾ?" ಎಂದ, ಕಣ್ಣರಳಿಸಿ.

"ಮುಗಿಸ್ದೆ."

"ಇನ್ನೂ ಕೋಪಾನಾ?"

"ತುಂಬಾ ಇದೆ. ಹೇಳ್ಬೇಕಾದ್ದನ್ನ ಯಾರಾದ್ರೂ ಓಡ್ತಾ ಹೇಳ್ತಾರಾ? ನನಗೆ ಸರಿಯಾಗಿ ಕೇಳಿಸ್ಲೇ ಇಲ್ಲ. ಈಗ ನಿಂತು ಹೇಳಿ."

"ನಿಲ್ಲೋಕಾಗ್ತಿಲ್ಲ ಕಣ್ರೀ..."

"ಹಾಗಾದ್ರೆ ನನ್ನನ್ನ ಹಿಡ್ಕೊಂಡು ಹೇಳಿ."

ಅವನು ಅವಳ ಹೆಗಲು ಹಿಡಿದುಕೊಂಡ. ಹಿಂದೆ ವ್ಯಾನಿನಲ್ಲಿದ್ದ ಚಿಕ್ಕಪ್ಪ ಆಕಾಶ ನೋಡತೊಡಗಿದರು.

"ನನಗೆ ನೀವಂದ್ರೆ ಇಷ್ಟ."

"ಕೇಳಿಸ್ತು," ಎಂದಳು ಅವಳು. "ಇನ್ನೊಂದ್ಸಲ ಹೇಳಿ."