ಕೋಟೆಯಲ್ಲಿ ಬಿಟ್ಟು ಬಂದ ಹೆಲ್ಮೆಟ್

ಇದನ್ನು ಹೇಳಿದರೆ, ಬಿಸಿಲಿಗೆ ತಲೆ ಕೆಟ್ಟಿರಬೇಕು ಅನ್ನುತ್ತಾಳೆ ಹೆಂಡತಿ. ಕೆಟ್ಟಿರಲಿಲ್ಲ.

ಒಬ್ಬನೇ ಬೈಕಿನಲ್ಲಿ ಹೊರಟು ಅಂದಿಗೆ ಮೂರನೇ ದಿನ. ಮಟಮಟ ಮಧ್ಯಾಹ್ನ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ, ಹಳೇ ಕೋಟೆ ಹತ್ತಿ ಇಳಿದು ಬಂದೆ. ಕಾದು ಕೆಂಡವಾಗಿರಬೇಕಿದ್ದ ಹೆಲ್ಮೆಟ್ಟಿನ ಒಳಗೆ ಸ್ಪಂಜು ತಣ್ಣಗೆ, ಒದ್ದೆಯಾಗಿತ್ತು.

"ಇದನ್ನ ಯಾರಮ್ಮಾ ಮುಟ್ಟಿದ್ದು?" ಎಂದು ಟಿಕೆಟ್ ಕೊಡುವಾಕೆಯನ್ನು ಕೇಳಿದೆ.

"ನೀವೇ ತಾನೆ ಅಣ್ಣಾ, ಆಗಿಂದ ಅದನ್ನ ಹಾಕ್ಕೊಂಡು ಬೈಕ್ ಮೇಲೆ ಕೂತಿದ್ದು? ಎರಡ್ಸಲ ಕರೆದ್ರೂ ತಿರುಗಲಿಲ್ಲ!"

ಹೆಲ್ಮೆಟ್ಟನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಬರಿದಲೆಯಲ್ಲಿ ಹೊರಟೆ. ನಲವತ್ತು ಕಿಲೋಮೀಟರು ಎಲ್ಲೂ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಉರಿಬಿಸಿಲು, ನನ್ನ ಬೆನ್ನು ಮಾತ್ರ ತಣ್ಣಗೆ, ಒದ್ದೆಯಾಗಿತ್ತು.

ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಫಾರೆಸ್ಟ್ ಗಾರ್ಡ್ ಕೈ ಅಡ್ಡ ಹಿಡಿದು ಗದರಿದ: "ಏನ್ರೀ, ಹಿಂದೆ ಕೂತವ್ರಿಗೆ ಮಾತ್ರ ಹೆಲ್ಮೆಟ್ಟಾ? ನಿಮ್ ತಲೆಯೇನು ಕಲ್ಲಾ?"